ಹೆಗಲ ಕ್ಯಾಮೆರಾ, ಜೇಬಿನ ಕ್ಯಾಮೆರಾ: ನಾಲ್ಕು ತಾಲ್ಲೂಕುಗಳಲ್ಲಿ ಎರಡು ದಿನ

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜಿನ ಅರ್ಜಿ ತುಂಬುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ. ಮಗನಿಗೋ ಮಗಳಿಗೋ ಕ್ಯಾಮೆರಾ ಬೇಕು. ಇದೇನೂ ಹೊಸದಲ್ಲ. ಹಿಂದೆ ಹಾಟ್‌ಶಾಟ್ ಸಾಕೋ ಯಾಶಿಕಾ ಬೇಕೋ ಎಂದು ಚರ್ಚೆಯಾಗುತ್ತಿತ್ತು. 36 ಚಿತ್ರಗಳ ರೀಲು, ಅದನ್ನು ತೊಳೆಸಿ ಪ್ರಿಂಟು ಹಾಕಿಸುವ ಖರ್ಚು ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತಿದ್ದವು. ಈಗ ರೀಲಿನ ಖರ್ಚಿಲ್ಲ, ಕೈಯಲ್ಲಿ ಫೋನೂ ಇದೆ. ಆದರೂ ಪ್ರಶ್ನೆ ಮಾತ್ರ ಹೋಗಿಲ್ಲ. ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್‌ನ ಆರಂಭಿಕ ಮಾದರಿಯನ್ನು ಕೊಳ್ಳಬೇಕೋ, ಜೇಬಿಗೆ ಇಳಿಯುವ ಕಾಂಪ್ಯಾಕ್ಟ್ ಸಾಕೋ?

ಕೆ.ಆರ್. ಪೇಟೆ ಕಡೆ ಕಬ್ಬು ಬೆಳೆಯುವ ನಮ್ಮ ಭಾವನ ಮನೆಯಲ್ಲೂ ಈ ಮಾತು ಎದ್ದಿತು. ಮಗಳು ಪತ್ರಿಕೋದ್ಯಮ ಓದಲು ಹೊರಟವಳು. ಕಬ್ಬಿನ ಬಿಲ್ಲು ಕೈಗೆ ಬಂದಿತ್ತಾದರೂ ಅದೇ ಹಣಕ್ಕೆ ಹಾಸ್ಟೆಲಿನ ಮುಂಗಡ, ಕೊಳವೆ ಬಾವಿಯ ಮೋಟಾರು ರಿಪೇರಿ ಎರಡೂ ಕಾದು ಕುಳಿತಿದ್ದವು. "ಅಂಗಡಿಯೋನ ಮಾತು ಕೇಳ್ಕಂಡು ತಗಳೋದು ಬ್ಯಾಡ ಕಣಯ್ಯ. ಎರಡನ್ನೂ ಕೈಗೆ ಕೊಟ್ಟು ಒಂದು ಸುತ್ತು ಸುತ್ತಿಸ್ಕಂಡು ಬಾ. ಆಮೇಲೆ ನೋಡಾನ" ಎಂದರು ಭಾವ. ನ್ಯಾಯವಾದ ಮಾತು. ಗೆಳೆಯರೊಬ್ಬರಿಂದ ಕ್ಯಾನನ್ 1500ಡಿ ಕ್ಯಾಮೆರಾವನ್ನು ಅದರ ಜೊತೆಗೇ ಬರುವ 18-55 ಮಿ.ಮೀ. ಲೆನ್ಸ್ ಸಮೇತ ಎರವಲು ತಂದೆ. ಇದು 2018ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. 40 ಪಟ್ಟು ಜೂಮ್ ಇರುವ ಸಣ್ಣ ಕ್ಯಾಮೆರಾ ನನ್ನ ಬಳಿಯೇ ಇತ್ತು. ಮೊದಲನೆಯದು ಲೆನ್ಸೂ ಸೇರಿ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ, ಎರಡನೆಯದು ಸುಮಾರು 300 ಗ್ರಾಂ.

ಶ್ರೀರಂಗಪಟ್ಟಣದಿಂದ ಹೊರಟೆವು. ಇಲ್ಲಿ ಮೊದಲು ಕಲಿಯುವ ಪಾಠವೆಂದರೆ ಕ್ಯಾಮೆರಾವನ್ನು ಚೀಲದೊಳಗಿಡುವುದು! ರಂಗನಾಥಸ್ವಾಮಿ ದೇವಾಲಯದ ಒಳಗೆ ಚಿತ್ರ ತೆಗೆಯುವಂತಿಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನಲ್ಲೂ ಭಿತ್ತಿಚಿತ್ರಗಳ ಮುಂದೆ ಕ್ಯಾಮೆರಾ ಬೇಡವೆಂದರು. 1780ರ ಪೊಳ್ಳಿಲೂರು ಯುದ್ಧದ ಆ ದೊಡ್ಡ ಚಿತ್ರದಲ್ಲಿ ಆನೆ, ಕುದುರೆ, ಫಿರಂಗಿಗಳ ಗದ್ದಲದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿಯನ್ನು ಹುಡುಕಿ ತೋರಿಸಿದೆ. ಹುಡುಗಿ ಬಹಳ ಹೊತ್ತು ಅಲ್ಲೇ ನಿಂತಳು. ಕೈಯಲ್ಲಿ ಕ್ಯಾಮೆರಾ ಇದ್ದಿದ್ದರೆ ಅಷ್ಟು ಹೊತ್ತು ನೋಡುತ್ತಿದ್ದಳೋ ಇಲ್ಲವೋ!

ಗುಂಬಜ್‌ನಲ್ಲಿ ನಿಜವಾದ ಕೆಲಸ ಶುರುವಾಯಿತು. ಹೊರಗಿನ ಬಿಸಿಲಲ್ಲಿ ಎರಡೂ ಕ್ಯಾಮೆರಾಗಳು ಬಿಳಿ ಗುಮ್ಮಟವನ್ನು ಬೂದು ಬಣ್ಣಕ್ಕೆ ಇಳಿಸಿದವು. ಇದು ಯಂತ್ರದ ದೋಷವಲ್ಲ. ಕ್ಯಾಮೆರಾದ ಬೆಳಕಿನ ಮಾಪಕ ತನ್ನ ಮುಂದಿರುವುದೆಲ್ಲ ನಡುಮಟ್ಟದ ಬೂದು ಎಂದು ಭಾವಿಸಿ ಅಳೆಯುತ್ತದೆ. ಬಿಳಿ ಹೆಚ್ಚಿದ್ದರೆ ಬೆಳಕನ್ನು ತಗ್ಗಿಸುತ್ತದೆ, ಕಪ್ಪು ಹೆಚ್ಚಿದ್ದರೆ ಏರಿಸುತ್ತದೆ. ಪ್ಲಸ್-ಮೈನಸ್ ಗುರುತಿನ ಗುಂಡಿ ಒತ್ತಿ ಒಂದು ಹಂತ ಪ್ಲಸ್ ಕಡೆ ತಿರುಗಿಸಿದ್ದೇ ತಡ, ಗುಮ್ಮಟ ಬೆಳ್ಳಗಾಯಿತು. ಈ ಸೌಲಭ್ಯ ಎರಡರಲ್ಲೂ ಉಂಟು. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟರೆ ಇಂಥ ತಿಳಿವಳಿಕೆ ಕ್ಯಾಮೆರಾದ ಜೊತೆ ಬರುವುದಿಲ್ಲ ಎಂಬುದನ್ನು ತಂದೆತಾಯಿಯರು ಗಮನಿಸಬೇಕು.

ಊರಿನಿಂದ ಸ್ವಲ್ಪ ದೂರದಲ್ಲೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದವು. ಕ್ಯಾಮೆರಾಕ್ಕೆ ಬೇರೆ ಶುಲ್ಕ ಇರುತ್ತದೆ, ಟಿಕೇಟು ಕೊಳ್ಳುವ ಮೊದಲೇ ಫಲಕ ಓದಿಕೊಳ್ಳಿ. ದೋಣಿ ಬಂಡೆಗಳ ನಡುವೆ ನುಸುಳಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಇಲ್ಲಿ ದೊಡ್ಡ ಕ್ಯಾಮೆರಾದ ಜಂಬವೆಲ್ಲ ಇಳಿದುಹೋಯಿತು. ಹಳೆಯ 35 ಮಿ.ಮೀ. ಫಿಲಂ ಲೆಕ್ಕದಲ್ಲಿ ಹೇಳುವುದಾದರೆ ಅದರ ಲೆನ್ಸ್ ಸುಮಾರು 88 ಮಿ.ಮೀ.ವರೆಗೆ ಮಾತ್ರ ಹತ್ತಿರ ಎಳೆಯುತ್ತದೆ. ಜೇಬಿನ ಕ್ಯಾಮೆರಾ 960ರವರೆಗೆ ಎಳೆಯುತ್ತದೆ. ಒಂದರಲ್ಲಿ ಮರದ ತುಂಬ ಬಿಳಿ ಚುಕ್ಕಿ, ಇನ್ನೊಂದರಲ್ಲಿ ಗೂಡಿನಲ್ಲಿ ಕೊಕ್ಕು ತೆರೆದ ಮರಿ.

"ಮಾವ, ಹಂಗಾದ್ರೆ ಚಿಕ್ಕದೇ ಸಾಕಲ್ವಾ?" ಎಂದಳು. ಅಷ್ಟರಲ್ಲಿ ಹೆಜ್ಜಾರ್ಲೆಯೊಂದು ನೀರಿನ ಮೇಲಿಂದ ಎದ್ದು ನಮ್ಮ ತಲೆಯ ಮೇಲೆಯೇ ಹಾರಿತು. ಸಣ್ಣ ಕ್ಯಾಮೆರಾದ ಹಿಂಬದಿ ಪರದೆ ಬಿಸಿಲಿಗೆ ಕಾಣಲೇ ಇಲ್ಲ. ಅವಳು ಹಕ್ಕಿಯನ್ನು ಹುಡುಕುವುದರೊಳಗೆ ಅದು ಮರದ ಹಿಂದೆ ಮರೆಯಾಯಿತು. ನಾನು ದೊಡ್ಡ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಿದ್ದೆ. ಗುಂಡಿ ಅರ್ಧ ಒತ್ತಿದೊಡನೆ ಫೋಕಸ್ ಕೂತಿತು. ಮೂರು ಚಿತ್ರ ಸಿಕ್ಕವು, ಮೂರೂ ನಿಚ್ಚಳ. ಕೂತ ಹಕ್ಕಿ ಜೇಬಿನ ಕ್ಯಾಮೆರಾಕ್ಕೆ, ಹಾರುವ ಹಕ್ಕಿ ಹೆಗಲ ಕ್ಯಾಮೆರಾಕ್ಕೆ ಎಂದು ಪಾಲು ಮಾಡಿಕೊಂಡೆವು. ಡಿಎಸ್‌ಎಲ್‌ಆರ್‌ಗೆ 55-250 ಮಿ.ಮೀ.ನಂಥ ಉದ್ದ ಲೆನ್ಸ್ ಕೊಂಡರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ, ಆದರೆ ಅದು ಬೇರೆ ಖರ್ಚು. ಅಂಗಡಿಯಲ್ಲಿ ಹೇಳುವ ಬೆಲೆಯಲ್ಲಿ ಅದು ಸೇರಿರುವುದಿಲ್ಲ. ಜೂಮ್ ವಿಚಾರದಲ್ಲಿ ಇನ್ನೊಂದು ಎಚ್ಚರ: ಪೆಟ್ಟಿಗೆಯ ಮೇಲೆ 'ಡಿಜಿಟಲ್ ಜೂಮ್' ಎಂದು ಬರೆದ ದೊಡ್ಡ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅದು ಚಿತ್ರದ ಒಂದು ತುಂಡನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ.

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಹೈದರ್-ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ. ಕುಂತಿಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲೇ ಹೆಗಲ ಕ್ಯಾಮೆರಾ ನನ್ನ ಹೆಗಲಿಗೆ ಬಂತು. ಬಂಡೆ ಹಿಡಿದು ಹತ್ತಲು ಎರಡೂ ಕೈ ಬೇಕು, ಕತ್ತಿನಲ್ಲಿ ತೂಗಾಡುವ ಕ್ಯಾಮೆರಾ ಕಲ್ಲಿಗೆ ಬಡಿಯುತ್ತದೆ. ಮೇಲಿನಿಂದ ಕಾಣುವ ಗದ್ದೆ, ಕೆರೆ, ತೆಂಗಿನ ತೋಟಗಳ ಚಿತ್ರದಲ್ಲಿ ಎರಡಕ್ಕೂ ನಾನಂತೂ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಬೆಳಕಿನಲ್ಲಿ ದೂರದ ನೋಟಕ್ಕೆ ಫೋನೂ ಸಾಕು. ಬೆಟ್ಟಗುಡ್ಡ ಸುತ್ತಿ ಮನೆಯವರಿಗೆ ತೋರಿಸುವುದಷ್ಟೇ ಆಸೆಯಾಗಿದ್ದರೆ, ಇರುವ ಫೋನಿನಲ್ಲೇ ತೃಪ್ತಿಪಟ್ಟು ಆ ಹಣವನ್ನು ಬಸ್ಸಿಗೂ ಊಟಕ್ಕೂ ಖರ್ಚು ಮಾಡಿದರೆ ಇನ್ನೂ ನಾಲ್ಕು ಊರು ನೋಡಬಹುದು.

ಮೇಲುಕೋಟೆ ಇದೇ ತಾಲ್ಲೂಕಿನದು. ಕಲ್ಯಾಣಿಯ ಮೆಟ್ಟಿಲ ಸಾಲು ಇಡಿಯಾಗಿ ಹಿಡಿಯಲು ಜೇಬಿನ ಕ್ಯಾಮೆರಾವೇ ಅನುಕೂಲವಾಯಿತು, ಅದರ ನೋಟ ಕೊಂಚ ಅಗಲ. ಪೂರ್ಣವಾಗದೆ ನಿಂತ ರಾಯಗೋಪುರದ ಎತ್ತರದ ಕಂಬಗಳ ಕೆಳಗೆ ಕೂತು ಪುಳಿಯೋಗರೆ ತಿನ್ನುತ್ತ ವೈರಮುಡಿಯ ಮಾತು ತೆಗೆದೆ. ಮಂಡ್ಯದ ಖಜಾನೆಯಿಂದ ಬರುವ ಕಿರೀಟವನ್ನು ಧರಿಸಿ ಚೆಲುವನಾರಾಯಣ ರಾತ್ರಿ ಉತ್ಸವ ಹೊರಡುವಾಗ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪತ್ರಿಕೆಗೆ ಚಿತ್ರ ಬೇಕೆಂದರೆ ಇಂಥ ಬೆಳಕಿನಲ್ಲೇ ಬೇಕು, ಬೆಳಗಾಗುವವರೆಗೆ ದೇವರು ಕಾಯುವುದಿಲ್ಲ.

ಎರಡು ಕ್ಯಾಮೆರಾಗಳ ನಿಜವಾದ ಅಂತರ ಇರುವುದು ಈ ಕತ್ತಲಲ್ಲಿ. ಚಿತ್ರ ಮೂಡುವ ಸೆನ್ಸರ್ ಎಂಬ ಫಲಕ 1500ಡಿಯಲ್ಲಿ 22.3 × 14.9 ಮಿ.ಮೀ. ಇದೆ. ಸಾಮಾನ್ಯ ಜೇಬಿನ ಕ್ಯಾಮೆರಾದಲ್ಲಿ ಸುಮಾರು 6.2 × 4.6 ಮಿ.ಮೀ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ 12 ಪಟ್ಟು ವ್ಯತ್ಯಾಸ. ಮಳೆ ಬೀಳುವಾಗ ಅಂಗಳದಲ್ಲಿ ಲೋಟ ಇಟ್ಟಂತೆ ಮತ್ತು ಕೊಪ್ಪರಿಗೆ ಇಟ್ಟಂತೆ. ಜಡಿಮಳೆಯಲ್ಲಿ ಲೋಟವೂ ತುಂಬುತ್ತದೆ, ತುಂತುರಿನಲ್ಲಿ ಕೊಪ್ಪರಿಗೆಯಲ್ಲೇ ನಾಲ್ಕು ಬೊಗಸೆ ಸಿಗುವುದು. ಮೆಗಾಪಿಕ್ಸೆಲ್ ಎಂಬ ಅಂಕಿ ಇದನ್ನು ಹೇಳುವುದಿಲ್ಲ. ಎ4 ಅಳತೆಯ ಒಳ್ಳೆಯ ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಸಾಕು. ಅದಕ್ಕಿಂತ ಹೆಚ್ಚು ಎರಡರಲ್ಲೂ ಇದೆ. ನಡುವಿನ ದಾರಿಯೂ ಒಂದುಂಟು. ಸೋನಿ ಕಂಪನಿ 2012ರಲ್ಲಿ ಆರ್‌ಎಕ್ಸ್100 ಎಂಬ ಜೇಬಿನ ಕ್ಯಾಮೆರಾ ತಂದಾಗ ಅದರ ಸೆನ್ಸರ್ ಸಾಮಾನ್ಯ ಕಾಂಪ್ಯಾಕ್ಟ್‌ಗಿಂತ ನಾಲ್ಕು ಪಟ್ಟು ದೊಡ್ಡದಿತ್ತು. ಆದರೆ ಆ ಜಾತಿಯವು ತುಟ್ಟಿ. ಭಾವನ ಲೆಕ್ಕಕ್ಕೆ ಅವು ಬರುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಕೆ.ಆರ್. ಪೇಟೆಯಿಂದ ಮೂರು ಕಿ.ಮೀ. ದೂರದ ಹೊಸಹೊಳಲಿಗೆ ಹೋದೆವು. ಹದಿಮೂರನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರು ಬಹಳ. ಈ ಊರಿನ ಗುಡಿಯ ಸುತ್ತ ಆ ಬೆಳಿಗ್ಗೆ ನಮ್ಮಿಬ್ಬರನ್ನು ಬಿಟ್ಟರೆ ಒಬ್ಬ ಮುದುಕರು ಮತ್ತು ಎರಡು ಮೇಕೆ. ಜಗತಿಯ ಮೇಲಿನ ಆನೆ, ಕುದುರೆ, ಬಳ್ಳಿ, ಪುರಾಣ ಕತೆ, ಮಕರ, ಹಂಸಗಳ ಪಟ್ಟಿಕೆಗಳ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದು ಪ್ರತಿ ಗೆರೆಗೂ ನೆರಳು ಮೂಡಿತ್ತು. ಎಂಟೂವರೆಯ ಹೊತ್ತಿಗೆ ತೆಗೆದ ಚಿತ್ರಕ್ಕೂ ಹನ್ನೊಂದಕ್ಕೆ ತೆಗೆದದ್ದಕ್ಕೂ ಇರುವ ವ್ಯತ್ಯಾಸ, ಎರಡು ಕ್ಯಾಮೆರಾಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಬೇಗ ಏಳುವುದಕ್ಕೆ ಕಾಸು ಕೊಡಬೇಕಾಗಿಲ್ಲ.

ಒಳಗೆ ಹೋದಾಗ ಮಾತು ಬದಲಾಯಿತು. ನವರಂಗದಲ್ಲಿ ಕಡೆದ ಕಂಬಗಳ ನುಣುಪಿನ ಮೇಲೆ ಬಾಗಿಲಿನಿಂದ ಬಂದ ಸಣ್ಣ ಬೆಳಕು ಜಾರುತ್ತಿತ್ತು. ಅಲ್ಲಿದ್ದವರ ಅನುಮತಿ ಕೇಳಿ, ಗರ್ಭಗುಡಿಯತ್ತ ತಿರುಗಿಸದೆ, ಫ್ಲ್ಯಾಶ್ ಆರಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ತೆಗೆದೆವು. ಜೇಬಿನ ಕ್ಯಾಮೆರಾದ ಚಿತ್ರದಲ್ಲಿ ಕಂಬದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು. ದೊಡ್ಡದರಲ್ಲಿ ಕಲ್ಲು ಕಲ್ಲಾಗಿಯೇ ಇತ್ತು. ಡಿಎಸ್‌ಎಲ್‌ಆರ್ ತಾನು ಕಂಡದ್ದನ್ನು ಕಾಯಿಸದ ಹಾಲಿನಂತೆ 'ರಾ' ಕಡತದಲ್ಲಿ ಇಟ್ಟುಕೊಡುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೆರಳಿನ ಮೂಲೆಯನ್ನು ಎತ್ತಿ ನೋಡಿದರೆ ಮಸಿಯಂತಿದ್ದ ಭುವನೇಶ್ವರಿಯಲ್ಲೂ ಕೆತ್ತನೆ ಎದ್ದು ಬಂತು. ನನ್ನ ಸಣ್ಣ ಕ್ಯಾಮೆರಾದಲ್ಲಿ ಈ ಸೌಲಭ್ಯ ಇಲ್ಲ.

ಗೋವಿಂದನಹಳ್ಳಿಯ ಐದು ಗರ್ಭಗುಡಿಗಳ ಪಂಚಲಿಂಗೇಶ್ವರವನ್ನು ಹೊರಗಿನಿಂದಲೇ ನೋಡಿ ಹೊರಟೆವು. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿಯಲ್ಲಿ ಕಾಫಿಗೆ ನಿಂತದ್ದು ಬಿಟ್ಟರೆ ನಾಗಮಂಗಲದವರೆಗೂ ನಿಲ್ಲಲಿಲ್ಲ.

ನಾಗಮಂಗಲ ಲೋಹದ ವಿಗ್ರಹಗಳಿಗೆ ಹೆಸರಾದ ಊರು, ಸೌಮ್ಯಕೇಶವನ ಊರು. ಆದರೆ ಅಲ್ಲಿ ಕಲಿತದ್ದು ದೇವಾಲಯದಲ್ಲಲ್ಲ, ಪೇಟೆ ಬೀದಿಯಲ್ಲಿ. ಹುಡುಗಿ ದೊಡ್ಡ ಕ್ಯಾಮೆರಾ ಎತ್ತಿದೊಡನೆ ಸೊಪ್ಪು ಮಾರುವ ಅಜ್ಜಿ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, "ಯಾವ ಟಿವಿಯೋರವ್ವ?" ಎಂದರು. ಮುಖ ಪಂಚಾಯಿತಿ ಸದಸ್ಯರ ಫೋಟೋದಂತಾಯಿತು. ಅದೇ ಜೇಬಿನ ಕ್ಯಾಮೆರಾ ಹಿಡಿದು ಪಕ್ಕದಲ್ಲಿ ಕೂತು ಸೊಪ್ಪಿನ ಬೆಲೆ ಕೇಳುತ್ತ ತೆಗೆದಾಗ ಅಜ್ಜಿ ಅಜ್ಜಿಯಾಗಿಯೇ ಇದ್ದರು. ಹಿಂದಿನ ಗೋಡೆ, ಸ್ಕೂಟರು, ಜಾಹೀರಾತು ಎಲ್ಲವೂ ಸ್ಪಷ್ಟವಾಗಿ ಬಂದು ಚಿತ್ರ ಗಿಜಿಗಿಜಿ ಎಂದದ್ದು ನಿಜ. ದೊಡ್ಡ ಕ್ಯಾಮೆರಾ ಆ ಹಿನ್ನೆಲೆಯನ್ನು ಮಸುಕು ಮಾಡಿ ಮುಖವನ್ನು ಮುಂದೆ ತರುತ್ತದೆ. "ಹತ್ತು ನಿಮಿಷ ಮಾತಾಡ್ಸಿ ಆಮೇಲೆ ದೊಡ್ಡದು ತೆಗುದ್ರೆ ಅಜ್ಜಿ ನಗ್ತಾರೆ ಮಾವ" ಎಂದು ಅವಳೇ ಮತ್ತೆ ಹೋಗಿ ಕೂತಳು. ನಕ್ಕರು ಕೂಡ.

ಕಂಬದಹಳ್ಳಿಯ ಜೈನ ಬಸದಿಗಳ ಮುಂದೆ, ಊರಿಗೆ ಹೆಸರು ಕೊಟ್ಟ ಆ ಮಾನಸ್ತಂಭದ ಬುಡದಲ್ಲಿ, ಕೊನೆಯ ಬಿಸಿಲಿಗೆ ಕೂತು ಎರಡು ದಿನದ ಚಿತ್ರಗಳನ್ನು ನೋಡಿದೆವು. ಅವಳು ಇಷ್ಟಪಟ್ಟ ಒಂಬತ್ತರಲ್ಲಿ ಐದು ದೊಡ್ಡದರದ್ದು, ನಾಲ್ಕು ಸಣ್ಣದರದ್ದು. ನನ್ನ ಅಭಿಪ್ರಾಯ ಕೇಳಿದಳು. ಹೇಳಿದೆ: ಪ್ರವಾಸಕ್ಕೆ, ಹಕ್ಕಿ ನೋಡುವ ಹವ್ಯಾಸಕ್ಕೆ, ಅಪ್ಪ-ಅಮ್ಮನೂ ಬಳಸುವಂಥದ್ದು ಬೇಕೆಂದರೆ ಉದ್ದ ಜೂಮಿನ ಜೇಬಿನ ಕ್ಯಾಮೆರಾ. ಛಾಯಾಗ್ರಹಣ ಓದಿನ ಭಾಗವಾಗಿದ್ದು, ಮೂರು ವರ್ಷ ಸಭೆ, ನಾಟಕ, ಜಾತ್ರೆ ಎಂದು ಮಂದ ಬೆಳಕಿನಲ್ಲಿ ನಿಲ್ಲುವವಳಿಗೆ ಡಿಎಸ್‌ಎಲ್‌ಆರ್. ಆದರೆ ಹೊಸದೇ ಆಗಬೇಕೆಂದಿಲ್ಲ.

ಕಂಪನಿಗಳ ಗಮನ ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹರಿದಿದೆ. ನಿಕಾನ್ 2018ರಲ್ಲಿ ತಂದ ಡಿ3500ರಂಥ ಜನಪ್ರಿಯ ಆರಂಭಿಕ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿತು. ಹೊಸದಕ್ಕೆ ಬದಲಾದವರ ಹಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತವೆ. ಕೊಳ್ಳುವಾಗ ಶಟರ್ ಎಷ್ಟು ಬಾರಿ ಬಡಿದಿದೆ ಎಂಬ ಲೆಕ್ಕ ಕೇಳಿ, ಮೂಲ ಬಿಲ್ಲಿನ ಸಂಖ್ಯೆಗೂ ಕ್ಯಾಮೆರಾದ ಬುಡದ ಸಂಖ್ಯೆಗೂ ತಾಳೆ ನೋಡಿ. ಲೆನ್ಸನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಟಾರ್ಚು ಬಿಡಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಕಾವೇರಿ, ಹೇಮಾವತಿ ನಾಲೆಗಳ ತೇವದ ಊರುಗಳಲ್ಲಿ, ಮಳೆಗಾಲ ಪೂರ್ತಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮೆರಾಕ್ಕೆ ಈ ರೋಗ ಬೇಗ ತಗಲುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ, ಅದಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿದರೆ, ವರ್ಷಗಟ್ಟಲೆ ಬಾಳುತ್ತದೆ.

ಮೂರನೆಯ ಅಂಗಡಿಯಲ್ಲಿ ನೋಡಿದ ಲೆನ್ಸ್ ಶುಭ್ರವಾಗಿತ್ತು. ಬಾಡಿಯೂ 18-55ರ ಲೆನ್ಸೂ ಸೇರಿ ಕುದುರಿತು. ಹಾಸ್ಟೆಲಿನ ಮುಂಗಡ ಕಟ್ಟಿಯಾಯಿತು, ಮೋಟಾರು ಮತ್ತೆ ನೀರೆತ್ತುತ್ತಿದೆ. ಹಾರುವ ಹೆಜ್ಜಾರ್ಲೆಗೆ ಬೇಕಾದ ಉದ್ದ ಲೆನ್ಸ್ ಬರುವ ವರ್ಷದ ಕಬ್ಬಿನ ಬಿಲ್ಲಿಗೆ ಎಂದು ಮಾತಾಗಿದೆ.