ಹೊಳೆಗಿಳಿಯುವ ಮುನ್ನಿನ ರಾತ್ರಿ

ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುವ ಹೊತ್ತಿಗೆ ಹೈದರಾಬಾದಿನಲ್ಲಿರುವ ಮಗಳು ಒಂದು ಉಡುಗೊರೆ ಕಳಿಸಿದಳು. ಅದು ಬಟ್ಟೆಯಲ್ಲ, ಬಂಗಾರವಲ್ಲ. ಸೋಮಶಿಲೆಯಿಂದ ಶ್ರೀಶೈಲದವರೆಗೆ ಕೃಷ್ಣಾ ನದಿಯ ಮೇಲೆ ಲಾಂಚಿನಲ್ಲಿ ಪಯಣಿಸುವ ಎರಡು ಟಿಕೆಟ್ಟುಗಳು. "ಅಪ್ಪಾ, ಈಗ ಎಲ್ಲರೂ ಮದುವೆಯ ದಿನಕ್ಕೆ ಕ್ರೂಸಿಗೆ ಹೋಗುತ್ತಾರೆ. ಸಮುದ್ರವೆಂದರೆ ಅವ್ವ ಒಪ್ಪಲಾರಳು. ನಮ್ಮ ಹೊಳೆಯ ನೀರಾದರೆ ಒಪ್ಪಿಯಾಳು" ಎಂದು ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ಪಕ್ಕದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ನಗಲಿಲ್ಲ. ಅದನ್ನು ನಾನು ಗಮನಿಸಿದೆನಾದರೂ ಅದರ ಅರ್ಥವನ್ನು ವಿಚಾರಿಸಲಿಲ್ಲ.

ಸಿ. ಬೆಳಗಲ್ಲಿನ ನಮಗೆ ಹೊಳೆಯೆಂದರೆ ತುಂಗಭದ್ರೆಯೊಂದೇ. ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯನ್ನು ದಾಟಿ, ಮಂತ್ರಾಲಯವನ್ನು ಮುಟ್ಟಿ, ನಮ್ಮ ಸೀಮೆಯನ್ನು ತೊಯ್ಯಿಸಿ, ಸುಂಕೇಶುಲದ ಬ್ಯಾರೇಜನ್ನೂ ಕರ್ನೂಲು ಪಟ್ಟಣವನ್ನೂ ಕಳೆದು, ಆಲಂಪುರದ ಸಮೀಪ ಅದು ಕೃಷ್ಣೆಯನ್ನು ಸೇರುತ್ತದೆ. ಕೂಡಲಿಯಿಂದ 531 ಕಿ.ಮೀ. ಹರಿದ ಮೇಲೆ ಅಲ್ಲಿ ತನ್ನ ಹೆಸರನ್ನು ಬಿಟ್ಟುಕೊಡುತ್ತದೆ. ಸೋಮಶಿಲೆ ಇರುವುದು ಆ ಸಂಗಮದಿಂದ ಕೆಳಗೆ, ತೆಲಂಗಾಣದ ಕೊಲ್ಲಾಪುರದ ಹತ್ತಿರ, ಶ್ರೀಶೈಲ ಜಲಾಶಯದ ಹಿನ್ನೀರಿನ ದಂಡೆಯಲ್ಲಿ. ಹೀಗಾಗಿ ಮಗಳು ಹೇಳಿದ್ದು ಸುಳ್ಳಲ್ಲ. ನಮ್ಮೂರ ಮುಂದೆ ಹರಿದ ನೀರಿನ ಮೇಲೆಯೇ ನಾವು ಶ್ರೀಶೈಲಕ್ಕೆ ತೇಲಬೇಕಿತ್ತು.

ನನ್ನ ಹೆಂಡತಿಯ ತವರು ಹೊಳೆಯಾಚೆಯ ರಾಜೋಳಿ. ಗದ್ವಾಲ ಸೀರೆಗಳನ್ನು ನೇಯುವ ಮಗ್ಗಗಳ ಊರು ಅದು. ಹತ್ತಿಯ ಒಡಲು, ರೇಷ್ಮೆಯ ಅಂಚು. ಅವರ ಮನೆಯಲ್ಲಿ ಮಾತು ಕನ್ನಡ, ಓದು ತೆಲುಗು. 1984ರ ಕಾರ್ತಿಕದಲ್ಲಿ ನಮ್ಮ ಮದುವೆಯಾಯಿತು. ದಿಬ್ಬಣ ಹೊಳೆ ದಾಟಿದ್ದು ಹರಿಗೋಲಿನಲ್ಲಿ. ನಮ್ಮ ಕಡೆ ಅದನ್ನು ಪುಟ್ಟಿ ಎನ್ನುತ್ತಾರೆ. ಮಧ್ಯಹೊಳೆಯಲ್ಲಿ ಸೆಳವಿಗೆ ಸಿಕ್ಕು ಪುಟ್ಟಿ ಗಿರಗಿರನೆ ತಿರುಗಿದಾಗ ಉಡಿಯಕ್ಕಿಯನ್ನು ಎರಡೂ ಕೈಗಳಿಂದ ಅವುಚಿಕೊಂಡ ಮದುಮಗಳು ಕಣ್ಣು ಮುಚ್ಚಿದಳು. ಅಂಬಿಗನಿಗೆ ಅದು ದಿನನಿತ್ಯದ ಆಟ. ನಾನು ಆಕೆಗೆ ಹೇಳಿದ ಮೊದಲ ಮಾತು, "ಹೆದರಬೇಡ, ಏನೂ ಆಗುವುದಿಲ್ಲ" ಎಂಬುದು. ಹೇಳಿ ನಕ್ಕೆ. ಆ ಪ್ರಸಂಗವನ್ನು ಮುಂದೆ ನಲವತ್ತು ವರ್ಷ ನಂಟರೆದುರು ವಿನೋದವಾಗಿ ವರ್ಣಿಸಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ನದೀತೀರದ ಊರುಗಳಲ್ಲೆಲ್ಲ ಎಚ್ಚರಿಕೆ ಸಾರಿದರು. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಆ ವಾರವಿಡೀ ನನ್ನ ಹೆಂಡತಿ ರಾತ್ರಿ ಎದ್ದು ಅಂಗಳದಲ್ಲಿ ನಿಂತು ಹೊಳೆಯ ಸದ್ದಿಗೆ ಕಿವಿಗೊಡುತ್ತಿದ್ದಳು. ನಾನು ಒಳಗಿನಿಂದಲೇ, "ಮಲಗು, ಏನೂ ಆಗುವುದಿಲ್ಲ" ಎನ್ನುತ್ತಿದ್ದೆ. ಟಿಕೆಟ್ಟು ಬಂದಾಗ ಆಕೆ ಬೇಡವೆನ್ನಲಿಲ್ಲ. ಮಗಳ ಹಣ ಹಾಳಾದೀತೆಂದು ಸುಮ್ಮನಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು.

ನವೆಂಬರ್ ತಿಂಗಳಿನಲ್ಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಬುತ್ತಿ ಕಟ್ಟಿಕೊಂಡು ಹೊರಟೆವು. ಕರ್ನೂಲಿನಲ್ಲಿ ಸೇತುವೆ ದಾಟಿ, ಪೆಬ್ಬೇರು, ಕೊಲ್ಲಾಪುರಗಳ ಮೂಲಕ ಸಂಜೆಗೆ ಸೋಮಶಿಲೆ ಮುಟ್ಟಿದೆವು. ದಂಡೆಯ ಹತ್ತಿರ ಒಂದು ಕೋಣೆ. ಕಿಟಕಿ ತೆರೆದರೆ ಕಾಣುವುದೆಲ್ಲ ನೀರು. ಸುತ್ತ ನಲ್ಲಮಲದ ಬೆಟ್ಟಗಳು, ಕೆಳಗೆ ಕಟ್ಟಿಹಾಕಿದ ಲಾಂಚಿನ ದೀಪ. ಬಹಳ ಚೆಲುವಾದ ನೋಟವೆಂದು ನಾನು ಹೊಗಳುತ್ತಿರುವಾಗ ಆಕೆ ಕಿಟಕಿಯನ್ನು ಮುಚ್ಚಿದಳು.

"ನಾನು ನಾಳೆ ಹತ್ತಲೊಲ್ಲೆ. ನೀವು ಹೋಗಿಬರ್ರಿ. ನಾನು ಬಸ್ಸಿಗೆ ಊರಿಗೆ ಹೋಗುತ್ತೇನೆ."

"ಇಷ್ಟು ದೂರ ಬಂದು ಹೀಗಂದರೆ ಹೇಗೆ? ದೊಡ್ಡ ಲಾಂಚು. ಏನೂ ಆ..."

ಆಕೆ ಕೈಯೆತ್ತಿ ತಡೆದಳು. "ಆ ಮಾತು ಬ್ಯಾಡರಿ. ಇನ್ನೊಂದು ಸಲ ಆ ಮಾತು ಕೇಳುವ ಶಕ್ತಿ ನನಗಿಲ್ಲ."

ಆಮೇಲೆ ಹದಿನೈದು ವರ್ಷ ಹೇಳದೆ ಉಳಿಸಿಕೊಂಡಿದ್ದ ಸಂಗತಿಯನ್ನು ಹೇಳಿದಳು. ನನಗೆ ತಿಳಿಯದ ಸಂಗತಿಯಲ್ಲ ಅದು. ನಾನು ಮರೆತಿರುವಂತೆ ನಟಿಸಿದ್ದ ಸಂಗತಿ.

2009ರಲ್ಲಿ ನಾನು ಆದೋನಿ ಸೀಮೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮೇಷ್ಟರಾಗಿದ್ದೆ. ಅಕ್ಟೋಬರ್ 1ರ ಸಂಜೆ ರಾಜೋಳಿಯಿಂದ ಮಾವನವರು ಮಗಳಿಗೆ ಫೋನು ಮಾಡಿದರು. ಹೊಳೆ ಏರುತ್ತಿದೆ, ಮಗ್ಗದ ಮೇಲೆ ಮುಕ್ಕಾಲು ನೇಯ್ದ ಸೀರೆಯಿದೆ, ಹಾಸು ಕತ್ತರಿಸಿ ಸುತ್ತಿಕೊಂಡು ಗದ್ವಾಲಿನ ಕಿರಿಮಗಳ ಮನೆಗೆ ಹೋಗಲೇ, ಇಲ್ಲೇ ಇರಲೇ? "ಅಳಿಯಂದಿರನ್ನು ಕೇಳಿ ಹೇಳು, ಓದಿದವರು" ಎಂದರಂತೆ. ಆಕೆ ಕೇಳಿದಳು. ನಾನು ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ಈ ಹೊಳೆಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಏನೂ ಆಗುವುದಿಲ್ಲವೆಂದು ಹೇಳು" ಎಂದೆ. ಮರುದಿನ ಗಾಂಧಿ ಜಯಂತಿ. ಮಂತ್ರಾಲಯ, ರಾಜೋಳಿ, ಆಲಂಪುರ, ಕರ್ನೂಲು ಪಟ್ಟಣ ಎಲ್ಲವೂ ನೀರಿನಲ್ಲಿ ಮುಳುಗಿದ ಕಥೆ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದುದಲ್ಲ. ಅತ್ತೆ ಮಾವಂದಿರು ನೆರೆಯವರೊಡನೆ ಎತ್ತರದ ಮಾಳಿಗೆಯೊಂದನ್ನೇರಿ ಜೀವ ಉಳಿಸಿಕೊಂಡರು. ನೀರು ಇಳಿದ ಮೇಲೆ ಮನೆಯ ಗೋಡೆ ಕುಸಿದಿತ್ತು. ಮಗ್ಗದ ಗುಂಡಿಯ ತುಂಬ ಕೆಸರು. ಮಾವನವರು ಮತ್ತೆ ಮಗ್ಗಕ್ಕೆ ಕೂಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು.

"ಅಪ್ಪ ಹೊಳೆಯ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ನಿಮ್ಮ ಮೇಲೂ ಆಗಲಿಲ್ಲ. ಆದರೆ ಅವರು ಉಳಿದದ್ದು ನಿಮ್ಮ ಮಾತಿನ ಮೇಲೆ. ಆ ಮಾತನ್ನು ಅವರಿಗೆ ಮುಟ್ಟಿಸಿದವಳು ನಾನು" ಎಂದಳು.

ನನ್ನ ನಾಲಿಗೆಯ ತುದಿಗೆ ಮೊದಲು ಬಂದದ್ದು ಸಮರ್ಥನೆಯೇ. ಶ್ರೀಶೈಲ ಜಲಾಶಯವೇ ತನ್ನ 885 ಅಡಿಗಳ ಪೂರ್ಣಮಟ್ಟವನ್ನು ಮೀರಿ ಏರಿದ ವರ್ಷವದು. ಇಂಜಿನಿಯರುಗಳೇ ಎಣಿಸದ ಪ್ರವಾಹವನ್ನು ಹಳ್ಳಿಯ ಮೇಷ್ಟರು ಎಣಿಸಬಲ್ಲನೇ? ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಆಕೆ ಕೇಳುತ್ತಿದ್ದುದು ಪ್ರವಾಹದ ಲೆಕ್ಕವಲ್ಲ. ಮಾವನವರು ಒಂದು ಪ್ರಶ್ನೆ ಕೇಳಿದ್ದರು. ನಾನು ಎದ್ದು ನಿಂತು ಯೋಚಿಸದೆ, ಯಾರನ್ನೂ ವಿಚಾರಿಸದೆ, ಆ ಪ್ರಶ್ನೆ ಬೇಗ ಮುಗಿಯಲೆಂದು ಉತ್ತರಿಸಿದ್ದೆ. ಕತ್ತರಿಸಿದ ಹಾಸಿನ ನಷ್ಟ ಒಂದು ಸೀರೆಯದಾಗುತ್ತಿತ್ತು, ಅಷ್ಟೇ.

"ತಪ್ಪು ನನ್ನದು. ನನಗೆ ತಿಳಿಯದೆಂದು ಹೇಳಬೇಕಾಗಿತ್ತು" ಎಂದೆ.

ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಇಷ್ಟು ಮಾತಿಗೆ ಹದಿನೈದು ವರ್ಷ ಬೇಕಾಯಿತಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ನನಗೆ ನಿದ್ದೆ ಬರಲಿಲ್ಲ. ಮಾವನವರೊಬ್ಬರೇ ಅಲ್ಲ, ಇನ್ನೂ ಎಷ್ಟೋ ಮುಖಗಳು ಕಣ್ಣೆದುರು ಬಂದವು. ಮೂವತ್ತು ವರ್ಷಗಳಲ್ಲಿ ಎಷ್ಟು ಜನ ತಂದೆತಾಯಿಗಳು ಶಾಲೆಯ ಬಾಗಿಲಲ್ಲಿ ನಿಂತು, "ಮೇಷ್ಟರೇ, ಮಗನನ್ನು ಕನ್ನಡದಲ್ಲೇ ಓದಿಸಿದರೆ ಮುಂದೆ ತೊಂದರೆಯಾಗುವುದೇ?" ಎಂದು ಕೇಳಿರಲಿಲ್ಲ! ಅವರಿಗೂ ನಾನು ಕೊಟ್ಟ ಉತ್ತರ ಅದೇ: "ಏನೂ ಆಗುವುದಿಲ್ಲ." ಕನ್ನಡದಲ್ಲಿ ಓದಿಸಿರೆಂದು ಹೇಳಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಹತ್ತನೆಯ ತರಗತಿಯಾದ ಮೇಲೆ ಹತ್ತಿರದಲ್ಲಿ ಯಾವ ಕಾಲೇಜಿದೆ, ಮೇಲಿನ ಓದು ತೆಲುಗಿಗೋ ಇಂಗ್ಲಿಷಿಗೋ ತಿರುಗಿದಾಗ ಹುಡುಗನಿಗೆ ಯಾವ ಆಸರೆ ಬೇಕು ಎಂಬುದನ್ನು ಅವರೊಡನೆ ಕುಳಿತು ಮಾತನಾಡಬೇಕಾಗಿತ್ತು. ನಮ್ಮ ಮನೆಗಳಲ್ಲಿ ಮೇಷ್ಟರ ಮಾತಿಗೆ ಇಂದಿಗೂ ತೂಕವಿದೆ. ಆ ತೂಕವನ್ನು ನಾನು ಎಷ್ಟು ಹಗುರವಾಗಿ ಬಳಸಿದೆನೆಂಬುದು ಆ ರಾತ್ರಿ ಅರಿವಿಗೆ ಬಂತು.

ಬೆಳಗಿನ ಜಾವ ಚೀಲ ಕಟ್ಟಿದೆ. ಇಬ್ಬರೂ ಬಸ್ಸಿಗೆ ಊರಿಗೆ ಮರಳುವುದೆಂದು ನಾನು ನಿಶ್ಚಯಿಸಿಕೊಂಡಿದ್ದೆ. ನೋಡಿದರೆ ಆಕೆ ಕೋಣೆಯಲ್ಲಿಲ್ಲ. ಹೊರಬಂದು ಹುಡುಕಿದರೆ ದಂಡೆಯಲ್ಲಿ ಲಾಂಚಿನ ಹುಡುಗನೊಬ್ಬನನ್ನು ನಿಲ್ಲಿಸಿಕೊಂಡು ತೆಲುಗಿನಲ್ಲಿ ಪ್ರಶ್ನೆಗಳ ಮಳೆ ಸುರಿಸುತ್ತಿದ್ದಾಳೆ. ಎಷ್ಟು ಜನ ಹತ್ತುತ್ತಾರೆ? ಎಲ್ಲರಿಗೂ ಲೈಫ್ ಜಾಕೆಟ್ ಉಂಟೇ? ಅದನ್ನು ಕಟ್ಟುವುದು ಹೇಗೆ? ಗಾಳಿ ಎದ್ದರೆ ಯಾವ ದಡಕ್ಕೆ ಹೋಗುತ್ತೀರಿ? 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರಿನ ಬಳಿ ಪ್ರವಾಸಿಗರ ದೋಣಿ ಮುಳುಗಿ ಅಷ್ಟೊಂದು ಜೀವಗಳು ಹೋದವಲ್ಲ, ಆಮೇಲೆ ನೀವು ಏನು ಕಲಿತಿರಿ? ಹುಡುಗ ಬೇಸರಿಸದೆ ಒಂದೊಂದಕ್ಕೂ ಉತ್ತರ ಹೇಳಿದ. ಗಾಳಿಯ ಪ್ರಶ್ನೆಗೆ ಮಾತ್ರ, "ಅದು ನನಗೆ ಗೊತ್ತಿಲ್ಲಮ್ಮಾ, ಸಾರಂಗಿಯನ್ನು ಕೇಳಿ ಬರುತ್ತೇನೆ" ಎಂದು ಓಡಿದ.

ಆಕೆ ನನ್ನ ಕಡೆ ತಿರುಗಿ, "ಇವನ ದೋಣಿ ಹತ್ತಬಹುದು" ಎಂದಳು.

ಜಾಕೆಟ್ಟನ್ನು ತಾನೇ ಕಟ್ಟಿಕೊಂಡು, ನನ್ನದರ ಪಟ್ಟಿಯನ್ನೂ ಬಿಗಿದಳು. ಲಾಂಚು ದಡ ಬಿಟ್ಟಾಗ ಕಣ್ಣು ಮುಚ್ಚಿದಳು. ನಾನು ನಗಲಿಲ್ಲ, ಏನನ್ನೂ ಹೇಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಳು.

ಸುಮಾರು ಏಳು ಗಂಟೆಗಳ ಪಯಣ. ಎರಡೂ ಕಡೆ ಕಾಡು, ನಡುವೆ ಹಸಿರು ನೀರು. ಆ ನೀರಿನಡಿ ಊರುಗಳಿವೆ. ಶ್ರೀಶೈಲ ಅಣೆಕಟ್ಟೆಗೆ 1963ರಲ್ಲಿ ನೆಹರೂ ಅಡಿಗಲ್ಲಿಟ್ಟರು. 1981ರ ಹೊತ್ತಿಗೆ ನೀರು ನಿಲ್ಲಿಸುವಾಗ ನೂರರಷ್ಟು ಹಳ್ಳಿಗಳವರು, ಲಕ್ಷಕ್ಕೂ ಮಿಕ್ಕಿ ಜನ, ಮನೆ ಹೊಲಗಳನ್ನು ಬಿಟ್ಟು ಎದ್ದರು. ಸೋಮಶಿಲೆಯ ಸೋಮೇಶ್ವರನನ್ನೂ ಮುಳುಗಡೆಯಿಂದ ಬಿಡಿಸಿ ಮೇಲಕ್ಕೆ ತಂದು ಕಟ್ಟಿದ್ದಾರೆ. ಇದನ್ನು ಕೇಳಿದ ನನ್ನ ಹೆಂಡತಿ, "ದೇವರಿಗೆ ಕಲ್ಲು ಎಣಿಸಿ ಮನೆ ಕಟ್ಟಿಕೊಟ್ಟರು, ಜನಕ್ಕೆ?" ಎಂದು ನೀರಿನ ಕಡೆ ನೋಡಿದಳು. ಮುಳುಗುವುದೆಂದರೇನೆಂದು ಆ ಲಾಂಚಿನಲ್ಲಿದ್ದವರಲ್ಲಿ ಆಕೆಗಿಂತ ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ.

ಶ್ರೀಶೈಲ ಸಮೀಪಿಸುವಾಗ ಲಾಂಚಿನ ಹುಡುಗ ಬೆಟ್ಟದ ಕಡೆ ಕೈ ತೋರಿಸಿ, ಅಲ್ಲಿ ಅಕ್ಕಮಹಾದೇವಿ ಗುಹೆ ಎಂದ. ಎದುರಿಗೆ ಕುಳಿತಿದ್ದ ಮಹಬೂಬನಗರದ ಕಡೆಯ ಪುಟ್ಟ ಹುಡುಗಿಯೊಬ್ಬಳು, ಅಕ್ಕಮಹಾದೇವಿ ಯಾರೆಂದು ತನ್ನ ತಾಯಿಯನ್ನು ಕೇಳಿದಳು. ತಾಯಿಗೆ ತಿಳಿಯದು. ನಾನು ಮೇಷ್ಟರ ಗತ್ತಿನಲ್ಲಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಹೇಳತೊಡಗಿದ್ದಳು. ಹನ್ನೆರಡನೆಯ ಶತಮಾನದಲ್ಲಿ ಶಿವಮೊಗ್ಗೆಯ ಕಡೆಯ ಉಡುತಡಿಯಲ್ಲಿ ಹುಟ್ಟಿದವಳು. ಅರಸನ ಅರಮನೆಯನ್ನು ಒಲ್ಲೆನೆಂದು ಬಿಟ್ಟವಳು. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮನ ಕಠಿಣ ಪ್ರಶ್ನೆಗಳಿಗೆ ಎದೆಗುಂದದೆ ಉತ್ತರಿಸಿದವಳು. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ನಂಬಿ ಈ ಕಾಡಿಗೆ ಒಬ್ಬಳೇ ನಡೆದು ಬಂದವಳು. ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ವಚನದ ಮಾತು ಬಂದಲ್ಲಿ ಮಾತ್ರ ಕನ್ನಡದಲ್ಲಿ ಹೇಳಿ ಅರ್ಥ ಬಿಡಿಸಿದಳು. ಮದುವೆಯಾದ ಮೇಲೆ, ನಮ್ಮ ಮಗಳೊಡನೆ ಕುಳಿತು ಕನ್ನಡ ಅಕ್ಷರ ಕಲಿತವಳು ಆಕೆ. ಹುಡುಗಿ ಬಾಯಿ ತೆರೆದು ಕೇಳುತ್ತಿದ್ದಳು.

"ಒಬ್ಬಳೇ ಬಂದಳಾ? ಹೆದರಿಕೆಯಾಗಲಿಲ್ಲವಾ?"

"ಆಗಿರಬೇಕು. ಹೆದರಿಕೊಂಡೇ ಬಂದಿರಬೇಕು" ಎಂದಳು ನನ್ನ ಹೆಂಡತಿ.

ಉಡುತಡಿಯಿರುವ ಶಿಕಾರಿಪುರ ಸೀಮೆಯಲ್ಲಿ ಕುಮುದ್ವತಿಯೆಂಬ ಹೊಳೆ ಹರಿಯುತ್ತದೆ. ಅದು ಸೇರುವುದು ತುಂಗಭದ್ರೆಯನ್ನು. ಅಕ್ಕನ ನಾಡಿನ ನೀರು ನಮ್ಮೂರನ್ನೂ ರಾಜೋಳಿಯನ್ನೂ ಹಾದು ಆಕೆಯ ಗುಹೆಯ ಕೆಳಗೆ ಬಂದು ನಿಂತಿದೆ. ಪಾತಾಳಗಂಗೆಯಲ್ಲಿ ಇಳಿದಾಗ ಇದನ್ನು ಹೇಳಿದೆ. ಆಕೆ ಬಾಗಿ ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡಳು. ಹದಿನೈದು ವರ್ಷಗಳಲ್ಲಿ ಹೊಳೆಯ ನೀರನ್ನು ಆಕೆ ಮುಟ್ಟಿದ್ದು ಅದೇ ಮೊದಲು.

ಮಲ್ಲಿಕಾರ್ಜುನನ ದರ್ಶನ ಮಾಡಿಕೊಂಡು ಮರುದಿನ ಕರ್ನೂಲಿಗೆ ಬಂದೆವು. ಊರಿನ ಬಸ್ಸು ಹತ್ತುವ ಬದಲು, ರಾಜೋಳಿಗೆ ಹೋಗೋಣವೇ ಎಂದು ನಾನೇ ಕೇಳಿದೆ. ಹಳೆಯ ಊರಿನಲ್ಲಿ ಮಾವನವರ ಮನೆಯಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಮಗ್ಗದ ಗುಂಡಿ ಮಾತ್ರ ಅರ್ಧ ತುಂಬಿಕೊಂಡು ಹಾಗೆಯೇ ಇದೆ. ಅದರ ಅಂಚಿನಲ್ಲಿ ಕುಳಿತು, ಮಾವನವರು ಕಾಲಿಳಿಬಿಟ್ಟು ಕೂಡುತ್ತಿದ್ದ ಕಡೆಗೆ ಕೈಮುಗಿದು, ಸೋಮಶಿಲೆಯಲ್ಲಿ ಹೇಳಿದ ಮಾತನ್ನು ಇನ್ನೊಮ್ಮೆ ಹೇಳಿದೆ. ನನ್ನ ಹೆಂಡತಿ ಬುತ್ತಿಯಲ್ಲಿ ಉಳಿದಿದ್ದ ಕೊನೆಯ ರೊಟ್ಟಿಯನ್ನು ಮುರಿದು ಅರ್ಧವನ್ನು ನನ್ನ ಕೈಗಿತ್ತಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಇಬ್ಬರೂ ಅಲ್ಲೇ ಕುಳಿತು ತಿಂದೆವು.