ಬರುವಾಗ ಇಳಿಯೋಣ

ಊಟಿಗೆ ಹೋಗುವ ದಾರಿಯಲ್ಲಿ ಬಂಡೀಪುರ ಬಂದಾಗಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಬರುವಾಗ ಇಲ್ಲಿ ಇಳಿಯೋಣ. ಎರಡು ದಿನ ಇದ್ದು ಹೋದರಾಯ್ತು." ಬರುವಾಗ ನಮ್ಮ ಹತ್ತಿರ ಒಂದು ಬಾಟಲಿ ನೀಲಗಿರಿ ಎಣ್ಣೆ, ಒಂದು ಪೊಟ್ಟಣ ವರ್ಕಿ ಬಿಸ್ಕತ್ತು, ಮೈಸೂರು ಮುಟ್ಟುವಷ್ಟು ಬಸ್ ಚಾರ್ಜು ಇಷ್ಟೇ ಉಳಿದಿರುತ್ತಿತ್ತು. ಬಂಡೀಪುರ ಹತ್ತಿರವಾಗುವ ಹೊತ್ತಿಗೆ ಅಪ್ಪ ನಿದ್ದೆ ಹೋಗಿರುತ್ತಿದ್ದರು, ಇಲ್ಲವೇ ನಿದ್ದೆ ಹೋದವರ ಹಾಗೆ ಕಣ್ಣು ಮುಚ್ಚಿರುತ್ತಿದ್ದರು. ಯಾವುದು ಅಂತ ಕೇಳುವ ಧೈರ್ಯ ನಮಗಿರಲಿಲ್ಲ. ಹೀಗಾಗಿ ಇಪ್ಪತ್ತು ಸಲವಾದರೂ ಹಾದುಹೋದ ಬಂಡೀಪುರ ನನ್ನ ಮಟ್ಟಿಗೆ ಕಾಡೇ ಅಲ್ಲ. ಘಾಟ್ ಶುರುವಾಗಿ ಹೊಟ್ಟೆ ತೊಳಸುವ ಮುಂಚಿನ ಸಪಾಟು ರಸ್ತೆ.

ಅಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ನಾನೂ ರಿಟೈರ್ ಆದ ಮೇಲೆ, ಅಲ್ಲಿ ಮೂರು ದಿನಕ್ಕೆ ಕಾಟೇಜ್ ಬುಕ್ ಮಾಡಿದೆ. ಸುದ್ದಿ ಕೇಳಿದ ಬಾಮೈದ ನಕ್ಕ. "ಮೂರು ದಿನ ಕೂತು ಏನ್ ಮಾಡ್ತೀರ ಭಾವ? ನಾನು ಹೋದಾಗ ಹತ್ತನೇ ನಿಮಿಷಕ್ಕೇ ಹುಲಿ ರಸ್ತೆ ದಾಟ್ತು. ನಮ್ದು ಅಲ್ಲಿಗೆ ಮುಗೀತು."

1931ರಲ್ಲಿ 90 ಚದರ ಕಿಲೋಮೀಟರಿನ ವನ್ಯಧಾಮವಾಗಿ ಶುರುವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಗಿ, ಈಗ ಸುಮಾರು 870 ಚದರ ಕಿಲೋಮೀಟರ್ ಹರಡಿರುವ ಉದ್ಯಾನವನ್ನು ಅವನು ಹತ್ತು ನಿಮಿಷದಲ್ಲಿ ಮುಗಿಸಿ ಬಂದಿದ್ದ. ಆದರೂ ಅವನ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು.

ಮೊದಲ ಸಂಜೆ ಸಫಾರಿ ಬಸ್ಸಿನಲ್ಲಿ ತಿಳಿಯಿತು, ಇಲ್ಲಿ ಎಲ್ಲರೂ ಬಾಮೈದಂದಿರೇ. ಮೊದಲ ಚುಕ್ಕೆ ಜಿಂಕೆಗೆ ಇಪ್ಪತ್ತು ಮೊಬೈಲ್ ಮೇಲೆದ್ದವು. ಹತ್ತನೆಯದಕ್ಕೆ ಎರಡು. ಆಮೇಲೆ ಬಂದ ಜಿಂಕೆಗಳನ್ನು ಮದುವೆ ಮನೆಗೆ ಕರೆಯದೆ ಬಂದವರಂತೆ ನೋಡಿದರು. ಎದುರಿಗೆ ಬಂದ ಜೀಪಿನವರು ಕೇಳಿದರು: "ಸಿಕ್ತಾ?" ಏನು ಅಂತ ಯಾರೂ ಹೇಳಬೇಕಾಗಿಲ್ಲ, ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆ ಬಗ್ಗೆ ವಿಚಾರಿಸಿದ ಹಾಗೆ. ನಾವು ಇಲ್ಲವೆಂದು ತಲೆಯಾಡಿಸಿದ್ದು ನೋಡಿ ಅವರ ಮುಖ ಸ್ವಲ್ಪ ಗೆಲುವಾಯಿತು. ಕರ್ನಾಟಕದಲ್ಲಿ 563 ಹುಲಿ ಇವೆಯೆಂದು 2022ರ ಗಣತಿ ಹೇಳುತ್ತದೆ. ಆ ಸಂಜೆ ಅವುಗಳಲ್ಲಿ ಒಂದಕ್ಕೂ ಬಿಡುವಿರಲಿಲ್ಲ.

"ಇದಕ್ಕಾ ಮೂರು ದಿನ?" ಅಂದಳು ಹೆಂಡತಿ. ಬೇಸಿಗೆ ಬೇರೆ. ಎಲೆ ಉದುರಿಸಿಕೊಂಡ ತೇಗ, ಕಪ್ಪಗೆ ಮೊಸಳೆ ಚರ್ಮದ ಹಾಗೆ ಸೀಳಿದ ಮತ್ತಿ ಮರದ ತೊಗಟೆ, ಎಲ್ಲಿ ನೋಡಿದರೂ ಲಂಟಾನ. ಉತ್ತರ ಹೊಳೆಯದೆ ಸುಮ್ಮನಾದೆ.

ಉತ್ತರ ರಾತ್ರಿ ಒಂಬತ್ತಕ್ಕೆ ಬಂತು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆಂದು 2009ರಿಂದ ಈ ಹೆದ್ದಾರಿಯನ್ನು ಬೆಳಿಗ್ಗೆ ಆರರವರೆಗೆ ಮುಚ್ಚುತ್ತಾರೆ. ಆಂಬುಲೆನ್ಸಿಗೆ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ದಾರಿ. ಅಲ್ಲಿಯವರೆಗೆ ಒಂದೇ ಸಮನೆ ಕೂಗುತ್ತಿದ್ದ ಹಾರನ್ನುಗಳು ನಿಂತವು. ಕೊನೆಯ ಲಾರಿಯ ಸದ್ದು ಗುಂಡ್ಲುಪೇಟೆ ಕಡೆಗೆ ಸವೆಯುತ್ತ ಹೋಯಿತು. ವರಾಂಡದಲ್ಲಿ ಕೂತೆವು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಣ ಎಲೆಯ ಮೇಲೆ ಯಾರೋ ಎಚ್ಚರಿಕೆಯಿಂದ ಕಾಲಿಡುವ ಸದ್ದು. ದೂರದಲ್ಲೆಲ್ಲೋ ಕಡವೆಯೊಂದು ಒಮ್ಮೆ ಗಟ್ಟಿಯಾಗಿ ಕೂಗಿ ನಿಲ್ಲಿಸಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ! ಇಪ್ಪತ್ತು ಸಲ ಹಾದ ರಸ್ತೆ ಇದೇ. ಆದರೆ ಹಾದು ಹೋಗುವವನಿಗೆ ಅವನದೇ ಬಸ್ಸಿನ ಸದ್ದು ಬಿಟ್ಟು ಬೇರೇನು ಕೇಳೀತು?

ಮರುದಿನದಿಂದ ನಾವು ಜಿಂಕೆಗಳನ್ನು ನೋಡತೊಡಗಿದೆವು. ಮರದ ಮೇಲೆ ಮುಸುವಗಳು ತಿಂದು ಚೆಲ್ಲಿದ ಚಿಗುರನ್ನು ಕೆಳಗೆ ನಿಂತ ಜಿಂಕೆಗಳು ಮೇಯುತ್ತವೆ. ಎತ್ತರದಿಂದ ದೂರದ ಹುಲಿಯನ್ನು ಕಾಣುವುದು ಮುಸುವನ ಕೆಲಸ. ವಾಸನೆ ಹಿಡಿಯುವುದು ಜಿಂಕೆಯ ಕೆಲಸ. ಯಾರಿಗೆ ಮೊದಲು ತಿಳಿದರೂ ಕೂಗಿ ಇನ್ನೊಬ್ಬರನ್ನು ಎಚ್ಚರಿಸುತ್ತಾರೆ. ನಮ್ಮ ಮಹಡಿ ಮನೆಯವರೂ ಮೇಲಿಂದ ಬೇಕಾದಷ್ಟು ಚೆಲ್ಲುತ್ತಾರೆ, ಎಚ್ಚರಿಕೆ ಮಾತ್ರ ಒಮ್ಮೆಯೂ ಕೊಟ್ಟಿಲ್ಲ ಅಂದಳು ಹೆಂಡತಿ. ಆ ಸಂಜೆ ಮುಸುವವೊಂದು ಕೆಮ್ಮಿತು. ಡ್ರೈವರ್ ಎಂಜಿನ್ ಆರಿಸಿದ. ಇಪ್ಪತ್ತು ನಿಮಿಷ ಬಸ್ಸಿಗೆ ಬಸ್ಸೇ ಉಸಿರು ಹಿಡಿದು ಕೂತಿತ್ತು, ಹಿಂದಿನ ಸೀಟಿನ ಚಿಪ್ಸ್ ಪೊಟ್ಟಣ ಒಂದನ್ನು ಬಿಟ್ಟು. ಹುಲಿ ಬರಲಿಲ್ಲ.

ಮೂರು ದಿನ ಸಾಕಾ? ಬಾಮೈದನಿಗಾದರೆ ಅರ್ಧ ದಿನವೂ ಹೆಚ್ಚು. ನನಗೆ ಮೊದಲ ದಿನ ಹುಲಿ ಹುಡುಕುವುದರಲ್ಲಿ ಹೋಯಿತು, ಎರಡನೆಯದು ಅದರ ಮೇಲೆ ಮುನಿಸಿಕೊಳ್ಳುವುದರಲ್ಲಿ. ಮೂರನೆಯ ದಿನ ಅದನ್ನು ಮರೆತು ಇನ್ನೇನು ಕಾಡು ನೋಡಬೇಕು ಅನ್ನುವಾಗ ಕಾಟೇಜ್ ಖಾಲಿ ಮಾಡುವ ಹೊತ್ತಾಯಿತು.

ಬ್ಯಾಗು ಹಿಡಿದು ರಸ್ತೆ ಬದಿಗೆ ಬಂದು ನಿಂತಾಗ ಬಾಮೈದನ ಫೋನು: "ಸಿಕ್ತಾ ಭಾವ?" ಲೈನ್ ಸರಿಯಿಲ್ಲ ಅಂದು ಕಟ್ ಮಾಡಿದೆ. ಅಷ್ಟರಲ್ಲಿ ಊಟಿ ಬೋರ್ಡಿನ ಬಸ್ಸು ಬಂತು. "ಇಷ್ಟು ಹತ್ತಿರ ಬಂದಿದೀವಿ, ಒಂದು ದಿನ ಹೋಗಿಬರೋಣ," ಅಂದಳು ಹೆಂಡತಿ. "ಬರುವಾಗ ಇಲ್ಲಿ ಇಳಿದು ಇನ್ನೊಂದು ರಾತ್ರಿ ಇದ್ದರಾಯ್ತು."

ಬರುವಾಗ ಅವಳ ಮಡಿಲಲ್ಲಿ ನೀಲಗಿರಿ ಎಣ್ಣೆ, ವರ್ಕಿ. ಬಂಡೀಪುರದ ಮೊದಲ ಹಂಪ್‌ಗೆ ಬಸ್ಸು ಎಗರಿತು. ಅವಳು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.