ಕಲ್ಲು ಮುಟ್ಟುವ ಭಾನುವಾರ

ಊರಿಗಾಂನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದರೆ ಕೋಲಾರದ ಪುಟಾಣಿ ರೈಲು ನಮಗಾಗಿಯೇ ಎಂಬಂತೆ ನಿಂತಿರುತ್ತಿತ್ತು. 1913ರಲ್ಲಿ ಹಾಕಿದ, ಎರಡೂವರೆ ಅಡಿ ಅಗಲದ ಹಳಿ ಅದು. ಅಜ್ಜಿಯ ಬಾಯಲ್ಲಿ ಬಂಗಾರಪೇಟೆ ಇನ್ನೂ ಬೌರಿಂಗ್‌ಪೇಟೆಯೇ ಆಗಿತ್ತು. ಅವಳ ಮಡಿಲಲ್ಲಿ ಮುತ್ತುಗದ ಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಅಪ್ಪನ ಕೈಯಲ್ಲಿ ನೀರಿನ ಕೂಜ. ಗುಡ್ಡ ನೋಡಲು ನಾನು ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದೆ.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸಕ್ಕಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ. ವಾರದ ಆರು ದಿನ ಕೇಜಿನಲ್ಲಿ ಇಳಿದು, ಸೆಖೆಯಲ್ಲಿ ಬೆಂದು, ಕಲ್ಲಿಗೆ ತೂತು ಕೊರೆದು ಮೇಲೆ ಬರುತ್ತಿದ್ದರು. ಅಂಥವರು ಸಿಕ್ಕ ಒಂದು ರಜೆಯಲ್ಲೂ ಕಲ್ಲಿನ ಗುಡಿಗಳನ್ನೇ ಹುಡುಕಿಕೊಂಡು ಹೋಗುವುದೇಕೆಂದು ಅಮ್ಮ ಕೇಳಿದರೆ, "ಕತ್ತಲಲ್ಲಿ ನೋಡೋ ಕಲ್ಲನ್ನ ಒಂದು ದಿನ ಬಿಸಿಲಲ್ಲಿ ನೋಡ್ತೀನಿ ಬಿಡೇ" ಅನ್ನುತ್ತಿದ್ದರು.

ಕೋಲಾರದಲ್ಲಿ ಮೊದಲು ಕೋಲಾರಮ್ಮ. ಚೋಳರ ಕಾಲದ ಗುಡಿ, ಗೋಡೆಯ ತುಂಬ ತಮಿಳು ಶಾಸನ. ಚೇಳಿನ ದೇವತೆ ಚೇಳಮ್ಮನ ಮುಂದೆ ನೆಲದಲ್ಲೇ ಇರುವ ಹುಂಡಿಗೆ ನಾನು ಹಾಕಿದ ನಾಣ್ಯ ಎಷ್ಟು ಆಳಕ್ಕೆ ಹೋಯಿತೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಆಮೇಲೆ ವಿಜಯನಗರದವರ ಸೋಮೇಶ್ವರ. ಅಲ್ಲಿಂದ ಮಕಬರಾ. ಹೈದರಾಲಿಯ ತಂದೆ ಫತೇ ಮಹಮ್ಮದ್ ಮಲಗಿರುವ ಜಾಗ. ಅಪ್ಪ ಚಪ್ಪಲಿ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿ, ನನ್ನ ತಲೆಗೂ ಕಟ್ಟುತ್ತಿದ್ದರು. "ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲೇ" ಎನ್ನುವಾಗ ಅವರ ದನಿಯಲ್ಲಿ ನೆಂಟನ ಬಗ್ಗೆ ಮಾತಾಡುವ ಸಲಿಗೆ ಇರುತ್ತಿತ್ತು. ಮುಳಬಾಗಿಲಿಗೆ ಹೋದ ದಿನವೂ ಹಾಗೆಯೇ. ಕುರುಡುಮಲೆಯ ಗಣಪತಿಗೆ ಕೈಮುಗಿದವರು ಹೈದರ್‌ವಲಿ ದರ್ಗಾಕ್ಕೂ ಹೋಗದೆ ಬಸ್ಸು ಹತ್ತುತ್ತಿರಲಿಲ್ಲ.

ನಮ್ಮ ಜೊತೆ ಎಷ್ಟೋ ಸಲ ಪಕ್ಕದ ಲೈನಿನ ತಮಿಳು ಮಾವ ಬರುತ್ತಿದ್ದರು. ಅವರದು ಮಾರಿಕುಪ್ಪಂ ಕಡೆಯ ಬೌದ್ಧರ ಮನೆ. 1898ರಲ್ಲಿ ಮದರಾಸಿನಲ್ಲಿ ಅಯೋತಿ ದಾಸರು ಕಟ್ಟಿದ ಶಾಕ್ಯ ಬೌದ್ಧ ಸಂಘ, ಕೆಲವೇ ವರ್ಷಗಳಲ್ಲಿ ಮಾರಿಕುಪ್ಪಂನ ಗಣಿ ಕಾರ್ಮಿಕರಲ್ಲೂ ಬೇರು ಬಿಟ್ಟಿತ್ತು. ಮುಟ್ಟಬಾರದವರೆಂದು ಊರಾಚೆಗೆ ತಳ್ಳಿಸಿಕೊಂಡವರ ಮಕ್ಕಳು, ಇಲ್ಲಿ ಬುದ್ಧನನ್ನು ತಮ್ಮ ಪೂರ್ವಿಕನೆಂದು ಕರೆದರು. ಕೋಲಾರಮ್ಮನ ಗೋಡೆಯ ಹಳೆಯ ಅಕ್ಷರಗಳ ಮೇಲೆ ಬೆರಳಿಟ್ಟು ಕೂಡಿಸಿ ಓದಲು ಮಾವ ಒದ್ದಾಡುತ್ತಿದ್ದರು. ಒಂದು ಪದ ಹೊಳೆದರೆ ನಮ್ಮೆಲ್ಲರಿಗೂ ಹಬ್ಬ. ಬುದ್ಧಪೂರ್ಣಿಮೆಗೆ ಅವರ ಮನೆಯ ಪಾಯಸ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು.

ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆವನಿ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು. ತ್ರಿಭುವನಕರ್ತಾರ ಎಂಬ ಗುರು ನಲವತ್ತು ವರ್ಷ ಅಲ್ಲಿದ್ದು ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಶಾಸನವಿದೆ. ಅಪ್ಪ ಮಾತ್ರ ದೇವರಿಗಿಂತ ಮೊದಲು ಬೆಟ್ಟದ ಬಂಡೆಯ ಹತ್ತಿರ ಹೋಗುತ್ತಿದ್ದರು. ಅಲ್ಲಿ ಕಲ್ಲು ಸೀಳಲು ಬೆಣೆ ಹೊಡೆಯುವ ಗುಂಡಿಗಳ ಸಾಲು. ಒಂದೊಂದು ಗುಂಡಿಗೂ ತೋರುಬೆರಳು ಇಳಿಸಿ ಆಳ ನೋಡುವರು. "ನೋಡು, ಎಲ್ಲಾ ಒಂದೇ ಅಳತೆ. ಮೆಷಿನ್ ಇಲ್ಲ, ಬ್ಲಾಸ್ಟಿಂಗ್ ಇಲ್ಲ. ಕಲ್ಲಿನ ಎಳೆ ತಿಳಿದವನ ಕೈ ಇದು." ನನ್ನ ಬೆರಳನ್ನೂ ಹಿಡಿದು ಒಳಗಿಡುವರು. ಕಲ್ಲು ಬೆಚ್ಚಗಿರುತ್ತಿತ್ತು. ಅಪ್ಪನ ಕೈ ಅದಕ್ಕಿಂತ ಒರಟಾಗಿರುತ್ತಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪುಟಾಣಿ ರೈಲು ಅಷ್ಟು ಹೊತ್ತಿಗೆ ಇಲ್ಲವಾಗಿತ್ತು. ಈಗ ಅಲ್ಲಿರುವುದು ದೊಡ್ಡ ಹಳಿ. ನಮ್ಮೂರಿನ ಮಕ್ಕಳು ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಭಾನುವಾರ ಅವರಿಗೆ ನಿದ್ದೆ ಬೇಕು. ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹೊರಗಿನವರಿಗೆ ಕೆಜಿಎಫ್ ಎಂದರೆ ಸಿನಿಮಾ, ಬಂಗಾರಪೇಟೆ ಎಂದರೆ ಪಾನಿಪುರಿ. ಕಾರಿನಲ್ಲಿ ಬಂದು ಕೋಟಿಲಿಂಗೇಶ್ವರ ನೋಡಿ, ಫೋಟೊ ತೆಗೆದುಕೊಂಡು, ಕತ್ತಲಾಗುವ ಮೊದಲೇ ಹೊರಟುಬಿಡುತ್ತಾರೆ.

ಗುಡಿಗಳು ಎಲ್ಲಿಗೂ ಹೋಗಿಲ್ಲ. ಮಕಬರಾ ಇದೆ, ದರ್ಗಾ ಇದೆ. ಹೋದದ್ದು, ಒಂದೇ ಚಿತ್ರಾನ್ನದ ಗಂಟು ಹಿಡಿದು ಎರಡು ಮನೆಯ ಜನ ಒಟ್ಟಿಗೆ ಎಲ್ಲವನ್ನೂ ನೋಡಿ ಬರುತ್ತಿದ್ದ ಆ ನಡೆ. ಗುಡಿಯನ್ನು ಕಟ್ಟಿದ ಕೈಯನ್ನು ಗುರುತಿಸಬಲ್ಲ ಕೈಗಳೂ ಒಂದೊಂದಾಗಿ ಮಣ್ಣು ಸೇರುತ್ತಿವೆ.

ಗಣಿ ಮುಚ್ಚಿದ ವರ್ಷ ಅಪ್ಪನನ್ನು ಆವನಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಅದೇ ಕಡೆಯದು. ಬೆಟ್ಟ ಹತ್ತುವಾಗ ಉಬ್ಬಸ. ಗುಂಡಿಗಳನ್ನು ಕೊರೆದೂ ಸೀಳದೆ ಬಿಟ್ಟ ಒಂದು ಬಂಡೆಯ ಬಳಿ ಕೂತರು. ಸಾಲಿನ ಕೊನೆಯ ಗುಂಡಿ ಇನ್ನೂ ಅರ್ಧ ಆಳದ್ದು. ಅದರಲ್ಲಿ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

"ಪಾಪ, ಇವನಿಗೂ ಯಾರೋ ಬಂದು ಸಾಕು ನಿಲ್ಲಿಸು ಅಂದಿರಬೇಕು ಕಣೋ" ಅಂದರು.